ಸರ್ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ (1897–1991): ವೈದ್ಯರಿಗೆ ಸಂಖ್ಯಾಶಾಸ್ತ್ರವನ್ನು ಕಲಿಸಿದ ಮಹನೀಯರು

ಪೀಠಿಕೆ

ವೈದ್ಯರು ನೀಡಿದ ಔಷಧದಿಂದಲೇ ರೋಗ ವಾಸಿಯಾಯಿತೋ ಅಥವಾ ಕಾಲಕ್ರಮದಲ್ಲಿ ಅದು ತಾನಾಗಿಯೇ ವಾಸಿಯಾಗುತ್ತಿತ್ತೋ ಎಂಬುದನ್ನು ಒಬ್ಬ ರೋಗಿಯನ್ನು ನೋಡಿ ನಿರ್ಧರಿಸಲಾಗದು. ಹಲವಾರು ರೋಗಿಗಳ ವಿವರಗಳನ್ನು ಕ್ರಮಬದ್ಧವಾಗಿ ಸಂಗ್ರಹಿಸಿ, ಸಮಾನರನ್ನು ಸಮಾನರೊಡನೆ ಹೋಲಿಸಿ, ತೀರ್ಮಾನಕ್ಕೆ ಬರುವ ವಿಧಾನವನ್ನು ತಿಳಿಸುವ ಶಾಸ್ತ್ರವೇ ವೈದ್ಯಕೀಯ ಸಂಖ್ಯಾಶಾಸ್ತ್ರ ಅಥವಾ ಜೀವ ಸಂಖ್ಯಾಶಾಸ್ತ್ರ. ಭಾರತದ ವೈದ್ಯಕೀಯ ಕಾಲೇಜುಗಳಲ್ಲಿ ಸಮುದಾಯ ವೈದ್ಯಶಾಸ್ತ್ರದ ಒಂದು ಭಾಗವಾಗಿ ಇದನ್ನು ಬೋಧಿಸಲಾಗುತ್ತದೆ.

ಗಣಿತವೆಂದರೆ ಹಿಂಜರಿಯುತ್ತಿದ್ದ ವೈದ್ಯರಿಗೆ ಈ ಶಾಸ್ತ್ರದ ಮೊದಲ ಪಾಠಗಳನ್ನು ಸರಳವಾಗಿ ಹೇಳಿಕೊಟ್ಟವರಲ್ಲಿ ಇಂಗ್ಲೆಂಡಿನ ಸರ್ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರು ಅಗ್ರಗಣ್ಯರು. ಅವರು ವೈದ್ಯಕೀಯ ಪದವಿಯನ್ನು ಪಡೆದವರಲ್ಲ. ಆದರೂ ಕ್ಷಯರೋಗದ ಔಷಧ ಪರೀಕ್ಷೆ ಮತ್ತು ಧೂಮಪಾನದ ದುಷ್ಪರಿಣಾಮಗಳ ಅಧ್ಯಯನದ ಮೂಲಕ ಅಸಂಖ್ಯಾತ ಜನರ ಪ್ರಾಣ ಉಳಿಯಲು ಕಾರಣರಾದರು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಮತ್ತು ಸಾಧನೆಯ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಮನೆತನ

ಹಿಲ್ ಅವರು 1897ನೇ ಇಸವಿ ಜುಲೈ 8ರಂದು ಲಂಡನ್ ನಗರದಲ್ಲಿ ಜನಿಸಿದರು. ಅವರ ತಂದೆ ಲಿಯೊನಾರ್ಡ್ ಹಿಲ್ ಅವರು ಹೆಸರಾಂತ ಶರೀರಕ್ರಿಯಾ ವಿಜ್ಞಾನಿಗಳಾಗಿದ್ದು, ಅಧಿಕ ಒತ್ತಡದ ಗಾಳಿಯಲ್ಲಿ ಕೆಲಸ ಮಾಡುವ ಮುಳುಗುಗಾರರಿಗೆ ಬರುವ ಕಾಯಿಲೆಯನ್ನು ಕುರಿತು ಸಂಶೋಧನೆ ನಡೆಸಿದವರು. ಬ್ರಿಟನ್ನಿನಲ್ಲಿ ಅಂಚೆ ಚೀಟಿಯ ಪದ್ಧತಿಯನ್ನು ರೂಪಿಸಿದ ರೋಲೆಂಡ್ ಹಿಲ್ ಅವರೂ ಇದೇ ಮನೆತನಕ್ಕೆ ಸೇರಿದವರು. ತಂದೆಯಂತೆ ವೈದ್ಯಕೀಯ ಕ್ಷೇತ್ರವನ್ನು ಪ್ರವೇಶಿಸಬೇಕೆಂಬುದು ಬಾಲಕ ಹಿಲ್ ಅವರ ಹಂಬಲವಾಗಿತ್ತು.

ಯುದ್ಧಸೇವೆ ಮತ್ತು ಕ್ಷಯರೋಗ

ಮೊದಲನೆಯ ಮಹಾಯುದ್ಧವು ಈ ಹಂಬಲಕ್ಕೆ ಅಡ್ಡಿಯಾಯಿತು. ಹಿಲ್ ಅವರು ನೌಕಾಪಡೆಯ ವಾಯುದಳಕ್ಕೆ ವಿಮಾನ ಚಾಲಕರಾಗಿ ಸೇರಿ, ಪೂರ್ವ ಮೆಡಿಟರೇನಿಯನ್ ಪ್ರದೇಶಕ್ಕೆ ನಿಯೋಜಿತರಾದರು. ಅಲ್ಲಿ ಅವರಿಗೆ ಶ್ವಾಸಕೋಶದ ಕ್ಷಯರೋಗ ತಗುಲಿತು. ಅಂದು ಆ ರೋಗಕ್ಕೆ ಔಷಧವಿರಲಿಲ್ಲ. ವಿಶ್ರಾಂತಿ, ಪೌಷ್ಟಿಕ ಆಹಾರ ಮತ್ತು ಶುದ್ಧವಾದ ಗಾಳಿ ಇವೇ ಚಿಕಿತ್ಸೆಯ ಪ್ರಧಾನ ಅಂಗಗಳಾಗಿದ್ದವು. ಹಿಲ್ ಅವರು ಸುಮಾರು ಎರಡು ವರ್ಷಗಳನ್ನು ಆಸ್ಪತ್ರೆಯ ಹಾಸಿಗೆಯಲ್ಲಿಯೂ ಇನ್ನಷ್ಟು ಕಾಲವನ್ನು ಚೇತರಿಕೆಯಲ್ಲಿಯೂ ಕಳೆಯಬೇಕಾಯಿತು. ಅವರು ಬದುಕುಳಿಯುವರೆಂಬ ಭರವಸೆ ಯಾರಿಗೂ ಇರಲಿಲ್ಲವಾದ್ದರಿಂದ ಸರ್ಕಾರವು ಪೂರ್ಣ ಪ್ರಮಾಣದ ಅಂಗವೈಕಲ್ಯ ಪಿಂಚಣಿಯನ್ನು ಮಂಜೂರು ಮಾಡಿತು. ಆ ಪಿಂಚಣಿಯನ್ನು ಅವರು ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಪಡೆದದ್ದು ವಿಶೇಷ.

ದೀರ್ಘವಾದ ವೈದ್ಯಕೀಯ ವ್ಯಾಸಂಗದ ಶ್ರಮವನ್ನು ಅವರ ಶರೀರವು ತಾಳುವಂತಿರಲಿಲ್ಲ. ಆಗ ಅವರಿಗೆ ಮಾರ್ಗದರ್ಶನ ನೀಡಿದವರು ತಂದೆಯ ಪ್ರಯೋಗಾಲಯದಲ್ಲಿ ಹಿಂದೆ ಕೆಲಸ ಮಾಡಿದ್ದ ಮೇಜರ್ ಗ್ರೀನ್‌ವುಡ್ ಅವರು. ಇಲ್ಲಿ ಮೇಜರ್ ಎಂಬುದು ಸೇನೆಯ ಹುದ್ದೆಯಲ್ಲ, ಅವರ ಹೆಸರೇ ಆಗಿತ್ತು. ಅವರ ಸಲಹೆಯ ಮೇರೆಗೆ ಹಿಲ್ ಅವರು ಅಂಚೆಯ ಮೂಲಕ ಪಾಠಗಳನ್ನು ತರಿಸಿಕೊಂಡು ಓದಿ, 1922ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದಿಂದ ಅರ್ಥಶಾಸ್ತ್ರದಲ್ಲಿ ಪದವಿ ಪಡೆದರು.

ವೃತ್ತಿಜೀವನದ ಆರಂಭ

ವೈದ್ಯಕೀಯ ಸಂಶೋಧನಾ ಮಂಡಳಿಯ ಅನುದಾನದಿಂದ ಹಿಲ್ ಅವರು ಕೈಗೊಂಡ ಮೊದಲ ಅಧ್ಯಯನವು ಇಂದಿಗೂ ವಿದ್ಯಾರ್ಥಿಗಳಿಗೆ ಉತ್ತಮ ನಿದರ್ಶನವಾಗಿದೆ. ಎಸೆಕ್ಸ್ ಜಿಲ್ಲೆಯ ಹಳ್ಳಿಗಳಲ್ಲಿ ತರುಣ ವಯಸ್ಸಿನವರ ಮರಣ ಪ್ರಮಾಣವು ನಿರೀಕ್ಷೆಗಿಂತ ಹೆಚ್ಚಾಗಿತ್ತು. ಹಳ್ಳಿಯ ವಾಸವೇ ಅನಾರೋಗ್ಯಕರವೆಂದು ಇದರಿಂದ ತೀರ್ಮಾನಿಸಲು ಸುಲಭವಾಗಿತ್ತು. ಆದರೆ ಆರೋಗ್ಯವಂತರಾದ ಯುವಕ ಯುವತಿಯರು ಕೆಲಸವನ್ನರಸಿ ಪಟ್ಟಣಗಳಿಗೆ ವಲಸೆ ಹೋಗುತ್ತಿದ್ದರೆಂಬುದನ್ನೂ, ಹಳ್ಳಿಗಳಲ್ಲಿ ಉಳಿದವರಲ್ಲಿ ದುರ್ಬಲರ ಪಾಲು ಹೆಚ್ಚಿತ್ತೆಂಬುದನ್ನೂ ಹಿಲ್ ಅವರು ಗಣನೆಗೆ ತೆಗೆದುಕೊಂಡರು. ಯಾರನ್ನು ಎಣಿಕೆಗೆ ಸೇರಿಸಲಾಗಿದೆ, ಯಾರು ಬಿಟ್ಟುಹೋಗಿದ್ದಾರೆ ಎಂಬುದನ್ನು ಮೊದಲು ವಿಚಾರಿಸಬೇಕೆಂಬ ಈ ಪಾಠವನ್ನು ಅವರು ಜೀವನವಿಡೀ ಬೋಧಿಸಿದರು.

ಪದವಿಯಲ್ಲಿ ಗಣಿತವನ್ನು ವಿಶೇಷವಾಗಿ ಅಭ್ಯಸಿಸದಿದ್ದ ಅವರು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್‌ಸನ್ ಅವರ ಉಪನ್ಯಾಸಗಳನ್ನು ಕೇಳಿ ವಿಷಯದಲ್ಲಿ ಪರಿಣತಿ ಪಡೆದರು. ನಂತರ ಗ್ರೀನ್‌ವುಡ್ ಅವರೊಂದಿಗೆ ಲಂಡನ್ನಿನ ಆರೋಗ್ಯಶಾಸ್ತ್ರ ಮತ್ತು ಉಷ್ಣವಲಯ ವೈದ್ಯಕೀಯ ಶಾಲೆಯನ್ನು ಸೇರಿ, 1933ರಲ್ಲಿ ರೀಡರ್ ಆಗಿ ನೇಮಕಗೊಂಡರು. ಗ್ರೀನ್‌ವುಡ್ ಅವರ ನಿವೃತ್ತಿಯ ನಂತರ ಅದೇ ಶಾಲೆಯಲ್ಲಿ ವೈದ್ಯಕೀಯ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾದರು.

ವೈದ್ಯರಿಗಾಗಿ ರಚಿಸಿದ ಪಠ್ಯಪುಸ್ತಕ

1937ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಕೀಯ ವಾರಪತ್ರಿಕೆಯು ಹಿಲ್ ಅವರ ಲೇಖನಮಾಲೆಯನ್ನು ಪ್ರಕಟಿಸಿತು. ಒಟ್ಟು 17 ಲೇಖನಗಳ ಈ ಮಾಲೆಯು ಅದೇ ವರ್ಷ ಪುಸ್ತಕರೂಪದಲ್ಲಿ ಹೊರಬಂದು, ಹಲವು ದಶಕಗಳ ಕಾಲ ಪರಿಷ್ಕೃತ ಆವೃತ್ತಿಗಳನ್ನು ಕಂಡಿತು. ಸೂತ್ರಗಳಿಗಿಂತ ಮಿಗಿಲಾಗಿ ವಿವೇಚನೆಗೆ ಪ್ರಾಧಾನ್ಯ ನೀಡಿರುವುದು ಈ ಕೃತಿಯ ವೈಶಿಷ್ಟ್ಯ. ಅದರಲ್ಲಿ ವಿವರಿಸಲಾದ ಪ್ರಮುಖ ವಿಷಯಗಳನ್ನು ಸ್ಥೂಲವಾಗಿ ಹೀಗೆ ಸಂಗ್ರಹಿಸಬಹುದು:

1. ಸರಾಸರಿ ಮತ್ತು ವ್ಯತ್ಯಾಸ: ಸರಾಸರಿಯೊಂದನ್ನೇ ನೆಚ್ಚಿಕೊಳ್ಳಬಾರದು. ಉದಾಹರಣೆಗೆ, ಹತ್ತು ರೋಗಿಗಳ ಪೈಕಿ ಒಂಬತ್ತು ಮಂದಿ ತಲಾ 4 ದಿನ, ಒಬ್ಬರು 40 ದಿನ ಆಸ್ಪತ್ರೆಯಲ್ಲಿದ್ದರೆ ಸರಾಸರಿ 7.6 ದಿನಗಳಾಗುತ್ತವೆ. ಆದರೆ ಅವರಲ್ಲಿ ಯಾರೊಬ್ಬರೂ 7 ಅಥವಾ 8 ದಿನ ಇದ್ದವರಲ್ಲ. ಇಂತಹ ಸಂದರ್ಭದಲ್ಲಿ ಮಧ್ಯಾಂಕವಾದ 4 ದಿನ ಎಂಬುದೇ ವಸ್ತುಸ್ಥಿತಿಗೆ ಸಮೀಪವಾದುದು. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದನ್ನು ಮಾನಕ ವಿಚಲನೆಯು ತಿಳಿಸುತ್ತದೆ.

2. ಮಾದರಿ ಮತ್ತು ಆಕಸ್ಮಿಕ: ಪರೀಕ್ಷೆಗೆ ಒಳಪಟ್ಟ ಕೆಲವೇ ರೋಗಿಗಳಿಂದ ಎಲ್ಲ ರೋಗಿಗಳ ಬಗ್ಗೆ ತೀರ್ಮಾನಿಸಬೇಕಾಗುತ್ತದೆ. ಕಂಡುಬಂದ ವ್ಯತ್ಯಾಸವು ಕೇವಲ ಆಕಸ್ಮಿಕವಾಗಿ ಉಂಟಾಗಬಹುದಾದ ಸಂಭವ ಎಷ್ಟೆಂಬುದನ್ನು ಲೆಕ್ಕ ಹಾಕುವುದು ಅವಶ್ಯಕ. ಮಾದರಿಯು ಚಿಕ್ಕದಾದಷ್ಟೂ ಆಕಸ್ಮಿಕದ ಪಾತ್ರ ಹೆಚ್ಚುತ್ತದೆ.

3. ಸಮಾನ ಹೋಲಿಕೆ: ದೊಡ್ಡ ಆಸ್ಪತ್ರೆಯಲ್ಲಿ ಮರಣಗಳು ಹೆಚ್ಚೆಂದ ಮಾತ್ರಕ್ಕೆ ಅಲ್ಲಿನ ಚಿಕಿತ್ಸೆ ಕಳಪೆಯೆಂದು ಹೇಳಲಾಗದು. ಕಾಯಿಲೆ ಉಲ್ಬಣಿಸಿದ ರೋಗಿಗಳೇ ಅಲ್ಲಿಗೆ ಹೆಚ್ಚಾಗಿ ಬರುವುದು ಇದಕ್ಕೆ ಕಾರಣವಿರಬಹುದು. ವಯಸ್ಸು, ರೋಗದ ತೀವ್ರತೆ ಮುಂತಾದವು ಸಮಾನವಾಗಿದ್ದಲ್ಲಿ ಮಾತ್ರ ಹೋಲಿಕೆಗೆ ಅರ್ಥವಿರುತ್ತದೆ.

ಈ ಕೃತಿಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚುವ ಯಾದೃಚ್ಛಿಕ ಹಂಚಿಕೆಯು ಶ್ರೇಷ್ಠವೆಂಬುದು ಹಿಲ್ ಅವರಿಗೆ ತಿಳಿದಿತ್ತು. ಆದರೂ 1937ರಲ್ಲಿ ಅವರು ಆ ಪದವನ್ನು ಬಳಸದೆ, ಒಬ್ಬರನ್ನು ಬಿಟ್ಟು ಒಬ್ಬರಿಗೆ ಚಿಕಿತ್ಸೆ ನೀಡುವ ಸರಳ ಕ್ರಮವನ್ನೇ ಸೂಚಿಸಿದರು. ಮೊದಲ ಪಾಠದಲ್ಲಿಯೇ ಕ್ಲಿಷ್ಟವಾದುದನ್ನು ಹೇಳಿದರೆ ವೈದ್ಯರು ಬೆದರಿ ದೂರ ಸರಿಯುವರೆಂಬ ಎಚ್ಚರಿಕೆಯೇ ಇದಕ್ಕೆ ಕಾರಣವೆಂದು ಅವರು ಅನೇಕ ವರ್ಷಗಳ ನಂತರ ತಿಳಿಸಿದರು. ಈ ಸರಳ ಕ್ರಮದಲ್ಲಿ ಒಂದು ದೋಷವಿದೆ. ಮುಂದಿನ ರೋಗಿಗೆ ಯಾವ ಚಿಕಿತ್ಸೆ ಎಂಬುದು ವೈದ್ಯರಿಗೆ ಮೊದಲೇ ತಿಳಿಯುವುದರಿಂದ, ಕರುಣೆಯಿಂದಲೋ ನಂಬಿಕೆಯಿಂದಲೋ ಅವರು ಕೆಲವರನ್ನು ಸೇರಿಸಿ, ಕೆಲವರನ್ನು ಬಿಡುವ ಸಾಧ್ಯತೆ ಇರುತ್ತದೆ. ಇದನ್ನು ಸರಿಪಡಿಸುವ ಅವಕಾಶ ಒಂಬತ್ತು ವರ್ಷಗಳ ನಂತರ ಒದಗಿಬಂದಿತು.

ಸ್ಟ್ರೆಪ್ಟೊಮೈಸಿನ್ ಪರೀಕ್ಷೆ

1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವನ್ನು ಕಂಡುಹಿಡಿಯಲಾಯಿತು. ಇದು ಕ್ಷಯದ ರೋಗಾಣುಗಳನ್ನು ತಡೆಯಬಲ್ಲದೆಂಬ ಆಶಾದಾಯಕ ವರದಿಗಳು ಬಂದವು. ಎರಡನೆಯ ಮಹಾಯುದ್ಧದಿಂದ ಆರ್ಥಿಕವಾಗಿ ಬಳಲಿದ್ದ ಬ್ರಿಟನ್ನಿಗೆ ಈ ಔಷಧವು ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ದೊರೆಯಿತು. ಎಲ್ಲ ರೋಗಿಗಳಿಗೆ ಸಾಲುವಷ್ಟು ಔಷಧವಿಲ್ಲದಿರುವಾಗ, ಇರುವಷ್ಟನ್ನು ಬಳಸಿ ಅದರ ಗುಣವನ್ನು ಖಚಿತವಾಗಿ ತಿಳಿಯುವುದೇ ಸೂಕ್ತವೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯು ತೀರ್ಮಾನಿಸಿತು. ಸಮಿತಿಯ ಸದಸ್ಯರಾಗಿದ್ದ ಹಿಲ್ ಅವರು ಪರೀಕ್ಷೆಯ ಕ್ರಮವನ್ನು ರೂಪಿಸಿದರು. ಖಚಿತವಾಗಿ ಪ್ರಾಣಾಪಾಯ ತರುತ್ತಿದ್ದ ಕ್ಷಯದ ಮಿದುಳು ಪೊರೆಯ ಉರಿಯೂತಕ್ಕೆ ಔಷಧವನ್ನು ಪ್ರತ್ಯೇಕವಾಗಿ ಕಾಯ್ದಿರಿಸಲಾಗಿತ್ತು.

ಎರಡೂ ಶ್ವಾಸಕೋಶಗಳಿಗೆ ತೀವ್ರವಾಗಿ ಕ್ಷಯ ಹರಡಿದ್ದ 107 ಮಂದಿ ತರುಣ ರೋಗಿಗಳನ್ನು ಆಯ್ಕೆ ಮಾಡಲಾಯಿತು. ಹಿಲ್ ಅವರು ಯಾದೃಚ್ಛಿಕ ಸಂಖ್ಯೆಗಳ ಆಧಾರದ ಮೇಲೆ ಹಂಚಿಕೆಯನ್ನು ಸಿದ್ಧಪಡಿಸಿ, ಮೊಹರು ಮಾಡಿದ ಲಕೋಟೆಗಳಲ್ಲಿ ಇರಿಸಿದರು. ಲಕೋಟೆಯ ಮೇಲೆ ಆಸ್ಪತ್ರೆಯ ಹೆಸರು ಮತ್ತು ಕ್ರಮಸಂಖ್ಯೆ ಮಾತ್ರ ಇರುತ್ತಿತ್ತು. ರೋಗಿಯನ್ನು ಪರೀಕ್ಷೆಗೆ ಸೇರಿಸಿಕೊಂಡ ನಂತರವೇ ಲಕೋಟೆಯನ್ನು ತೆರೆಯಲಾಗುತ್ತಿತ್ತು. ಹೀಗಾಗಿ ಆಯ್ಕೆಯಲ್ಲಿ ಯಾರ ಇಷ್ಟಾನಿಷ್ಟಗಳಿಗೂ ಅವಕಾಶವಿರಲಿಲ್ಲ. 55 ರೋಗಿಗಳಿಗೆ ಔಷಧ ಮತ್ತು ವಿಶ್ರಾಂತಿ, 52 ರೋಗಿಗಳಿಗೆ ಅಂದಿನ ರೂಢಿಯಂತೆ ವಿಶ್ರಾಂತಿ ಮಾತ್ರ ದೊರೆಯಿತು. ಎಕ್ಸ್‌ರೇ ಚಿತ್ರಗಳನ್ನು ಓದಿದ ತಜ್ಞರಿಗೆ ಯಾವ ಚಿತ್ರ ಯಾವ ಗುಂಪಿನದೆಂದು ತಿಳಿಸಿರಲಿಲ್ಲ. ರೋಗಿಗಳಿಂದ ಪೂರ್ವಭಾವಿ ಒಪ್ಪಿಗೆ ಪಡೆಯುವ ಇಂದಿನ ಕಡ್ಡಾಯ ನಿಯಮವು ಅಂದು ಜಾರಿಯಲ್ಲಿರಲಿಲ್ಲ ಎಂಬುದನ್ನೂ ಇಲ್ಲಿ ಸ್ಮರಿಸಬೇಕು.

ಆರು ತಿಂಗಳ ಅಂತ್ಯಕ್ಕೆ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿ (ಶೇ. 7), ಔಷಧ ಪಡೆಯದ 52 ಮಂದಿಯಲ್ಲಿ 14 ಮಂದಿ (ಶೇ. 27) ಮರಣ ಹೊಂದಿದ್ದರು. ಔಷಧದಿಂದ ಯಾವ ಪ್ರಯೋಜನವೂ ಇಲ್ಲದಿದ್ದಲ್ಲಿ ಇಷ್ಟು ದೊಡ್ಡ ಅಂತರವು ಕೇವಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ನೂರರಲ್ಲಿ ಒಂದಕ್ಕಿಂತಲೂ ಕಡಿಮೆ ಎಂದು ಲೆಕ್ಕ ಹಾಕಲಾಯಿತು. 1948ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಈ ವರದಿಯು ಆಧುನಿಕ ಔಷಧ ಪರೀಕ್ಷೆಗಳಿಗೆ ಮಾದರಿಯಾಯಿತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ರೋಗಾಣುಗಳು ಕೆಲವೇ ತಿಂಗಳಲ್ಲಿ ಔಷಧಕ್ಕೆ ಪ್ರತಿರೋಧ ಬೆಳೆಸಿಕೊಂಡವು. ಮುಂದಿನ ವರ್ಷಗಳಲ್ಲಿ ಎರಡು ಗುಂಪುಗಳ ನಡುವಿನ ಅಂತರ ಕಿರಿದಾಯಿತು. ಈ ಸತ್ಯವನ್ನು ಮರೆಮಾಚದೆ ಪ್ರಕಟಿಸಿದ್ದರಿಂದಲೇ, ಸ್ಟ್ರೆಪ್ಟೊಮೈಸಿನ್ ಜೊತೆಗೆ ಮತ್ತೊಂದು ಔಷಧವನ್ನು ನೀಡುವ ಪರೀಕ್ಷೆ ಕೂಡಲೇ ನಡೆಯಿತು. ಜೋಡಿ ಔಷಧಗಳು ಪ್ರತಿರೋಧವನ್ನು ತಡೆಯುತ್ತವೆ ಎಂಬುದು 1950ರಲ್ಲಿ ದೃಢಪಟ್ಟಿತು. ಕ್ಷಯರೋಗಿಗಳಿಗೆ ಇಂದಿಗೂ ಹಲವು ಔಷಧಗಳನ್ನು ಒಟ್ಟಿಗೆ ನೀಡುವುದಕ್ಕೆ ಹಾಗೂ ಚಿಕಿತ್ಸೆಯನ್ನು ಮಧ್ಯದಲ್ಲಿ ನಿಲ್ಲಿಸಬಾರದೆಂದು ತಿಳಿಹೇಳುವುದಕ್ಕೆ ಇದೇ ಕಾರಣ.

ಭಾರತದಲ್ಲಿ ಇದರ ಪರಿಣಾಮ

ಯಾದೃಚ್ಛಿಕ ಹಂಚಿಕೆಯ ಕ್ರಮವು ಶೀಘ್ರದಲ್ಲಿಯೇ ಭಾರತಕ್ಕೂ ಬಂದಿತು. 1956ರಲ್ಲಿ ಮದರಾಸಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಆರಂಭವಾಯಿತು. ಬಡ ಕ್ಷಯರೋಗಿಗಳನ್ನು ಯಾದೃಚ್ಛಿಕವಾಗಿ ಹಂಚಿ, ಕೆಲವರಿಗೆ ಮನೆಯಲ್ಲಿಯೇ, ಕೆಲವರಿಗೆ ಆರೋಗ್ಯಧಾಮದಲ್ಲಿ ಒಂದೇ ಬಗೆಯ ಔಷಧಗಳನ್ನು ನೀಡಲಾಯಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಗುಣಮುಖರಾದರೆಂದು 1959ರ ವರದಿ ತಿಳಿಸಿತು. ಹಾಸಿಗೆಗಳ ಕೊರತೆಯಿದ್ದ ದೇಶದಲ್ಲಿ ಇದು ಲಕ್ಷಾಂತರ ಕುಟುಂಬಗಳಿಗೆ ವರದಾನವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪನೆಗೊಂಡು, ರಾಷ್ಟ್ರೀಯ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸುವಲ್ಲಿ ಪ್ರಮುಖ ಪಾತ್ರ ವಹಿಸಿತು.

ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರ್

ಇಂಗ್ಲೆಂಡ್ ಮತ್ತು ವೇಲ್ಸ್‌ನ ಮರಣ ನೋಂದಣಿ ದಾಖಲೆಗಳು ಇನ್ನೊಂದು ಆತಂಕವನ್ನು ಬಯಲಿಗೆ ತಂದಿದ್ದವು. ಶ್ವಾಸಕೋಶದ ಕ್ಯಾನ್ಸರ್‌ನಿಂದ 1922ರಲ್ಲಿ 612 ಮರಣಗಳು ದಾಖಲಾಗಿದ್ದರೆ, 1947ರಲ್ಲಿ ಅವುಗಳ ಸಂಖ್ಯೆ 9,287ಕ್ಕೆ ಏರಿತ್ತು. ಮೋಟಾರು ವಾಹನಗಳ ಹೊಗೆ, ರಸ್ತೆಗೆ ಹಾಕುವ ಟಾರು ಮುಂತಾದವುಗಳ ಮೇಲೆ ಅನುಮಾನವಿತ್ತು. ಹಿಲ್ ಮತ್ತು ಅವರ ಸಹೋದ್ಯೋಗಿ ವೈದ್ಯ ರಿಚರ್ಡ್ ಡಾಲ್ ಅವರು ಲಂಡನ್ನಿನ 20 ಆಸ್ಪತ್ರೆಗಳಲ್ಲಿ ವಿಚಾರಣೆ ನಡೆಸಿದರು. ಶ್ವಾಸಕೋಶದ ಕ್ಯಾನ್ಸರ್ ಇದ್ದ 709 ಮಂದಿಯನ್ನು, ವಯಸ್ಸು ಮತ್ತು ಲಿಂಗದಲ್ಲಿ ಅವರಿಗೆ ಸರಿಹೊಂದುವ ಇತರ ಕಾಯಿಲೆಗಳ 709 ಮಂದಿಯೊಡನೆ ಹೋಲಿಸಲಾಯಿತು.

1950ರ ಸೆಪ್ಟೆಂಬರ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಕ್ಯಾನ್ಸರ್ ಇದ್ದ 649 ಪುರುಷರಲ್ಲಿ ಧೂಮಪಾನ ಮಾಡದವರು ಕೇವಲ 2 ಮಂದಿ. ಇತರ ಕಾಯಿಲೆಯ 649 ಪುರುಷರಲ್ಲಿ ಅಂತಹವರು 27 ಮಂದಿ. ಪ್ರಶ್ನಿಸಿದವರ ಪೂರ್ವಗ್ರಹವೇ ಈ ವ್ಯತ್ಯಾಸಕ್ಕೆ ಕಾರಣವಿರಬಹುದೇ ಎಂಬ ಸಂದೇಹವನ್ನೂ ಅವರು ಪರಿಶೀಲಿಸಿದರು. ಕ್ಯಾನ್ಸರ್ ಎಂದು ಭಾವಿಸಿ ಪ್ರಶ್ನಿಸಲಾಗಿದ್ದು, ನಂತರ ಬೇರೆ ಕಾಯಿಲೆಯೆಂದು ತಿಳಿದುಬಂದ ರೋಗಿಗಳ ಧೂಮಪಾನದ ಅಭ್ಯಾಸವು ಕ್ಯಾನ್ಸರ್ ಇಲ್ಲದವರ ಅಭ್ಯಾಸವನ್ನೇ ಹೋಲುತ್ತಿತ್ತು. ಆದ್ದರಿಂದ ಆ ಸಂದೇಹ ನಿವಾರಣೆಯಾಯಿತು. ಅಧ್ಯಯನದ ಅವಧಿಯಲ್ಲಿಯೇ ಡಾಲ್ ಅವರು ಧೂಮಪಾನವನ್ನು ತ್ಯಜಿಸಿದರು.

ರೋಗ ಬಂದ ಮೇಲೆ ಹಿಂದಿನದನ್ನು ಕೇಳುವುದಕ್ಕಿಂತ, ಆರೋಗ್ಯವಂತರ ಅಭ್ಯಾಸಗಳನ್ನು ಮೊದಲೇ ದಾಖಲಿಸಿ ಮುಂದೇನಾಗುತ್ತದೆಂದು ಕಾಯುವುದು ಹೆಚ್ಚು ವಿಶ್ವಾಸಾರ್ಹವೆಂದು ಹಿಲ್ ಅವರು ಭಾವಿಸಿದರು. 1951ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ 59,600 ವೈದ್ಯರಿಗೆ ಅಂಚೆಯ ಮೂಲಕ ಸರಳವಾದ ಪ್ರಶ್ನಾವಳಿಯನ್ನು ಕಳುಹಿಸಲಾಯಿತು. 40,000ಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ನಂತರ ಅವರಲ್ಲಿ ಯಾರಾದರೂ ಮರಣ ಹೊಂದಿದಲ್ಲಿ, ಮರಣದ ಕಾರಣವನ್ನು ನೋಂದಣಿ ಅಧಿಕಾರಿಗಳಿಂದ ಪಡೆಯಲಾಗುತ್ತಿತ್ತು. 1954ರ ಮೊದಲ ವರದಿಯ ವೇಳೆಗೆ ಶ್ವಾಸಕೋಶದ ಕ್ಯಾನ್ಸರ್‌ನಿಂದ 35 ವರ್ಷ ಮೀರಿದ 36 ಮಂದಿ ಪುರುಷ ವೈದ್ಯರು ಮೃತರಾಗಿದ್ದರು. ಅವರಲ್ಲಿ ಧೂಮಪಾನ ಮಾಡದವರು ಒಬ್ಬರೂ ಇರಲಿಲ್ಲ. ಧೂಮಪಾನದ ಪ್ರಮಾಣ ಹೆಚ್ಚಿದಂತೆ ಮರಣ ಪ್ರಮಾಣವೂ ಏರುತ್ತಿತ್ತು. ಡಾಲ್ ಮತ್ತು ಇತರರು ಮುಂದುವರಿಸಿದ ಈ ಅಧ್ಯಯನದ 50 ವರ್ಷಗಳ ವರದಿಯು 2004ರಲ್ಲಿ ಹೊರಬಂದಿತು. ಧೂಮಪಾನವನ್ನು ಬಿಡದವರು ಸರಾಸರಿ ಸುಮಾರು 10 ವರ್ಷ ಮೊದಲೇ ಸಾಯುತ್ತಾರೆಂದೂ, 50ನೇ ವಯಸ್ಸಿನಲ್ಲಿ ಬಿಟ್ಟರೂ ಸುಮಾರು 6 ವರ್ಷ ಆಯುಸ್ಸು ಉಳಿಯುತ್ತದೆಂದೂ ಅದರಿಂದ ತಿಳಿದುಬಂದಿತು.

ಕಾರಣವನ್ನು ನಿರ್ಣಯಿಸುವ ಬಗೆ

ಸುಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅವರು ಧೂಮಪಾನ ಮತ್ತು ಕ್ಯಾನ್ಸರ್ ಒಟ್ಟಿಗೆ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದೆಂದು ವಾದಿಸಿದರು. ತತ್ತ್ವತಃ ಇದು ನ್ಯಾಯವಾದ ಪ್ರಶ್ನೆ. ಜನರಿಗೆ ಚೀಟಿ ಎತ್ತಿ ಧೂಮಪಾನ ಮಾಡಿಸುವುದು ಅಸಾಧ್ಯವಾದ್ದರಿಂದ ಬೇರೆ ದಾರಿ ಬೇಕಾಗಿತ್ತು. 1965ರಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ ಹಿಲ್ ಅವರು ಇದಕ್ಕಾಗಿ ಒಂಬತ್ತು ದೃಷ್ಟಿಕೋನಗಳನ್ನು ಮುಂದಿಟ್ಟರು. ಸಂಬಂಧವು ಎಷ್ಟು ಬಲವಾಗಿದೆ, ಬೇರೆ ಬೇರೆ ಸ್ಥಳಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆಯೇ, ಕಾರಣವು ಪರಿಣಾಮಕ್ಕಿಂತ ಮೊದಲು ಬಂದಿದೆಯೇ, ಪ್ರಮಾಣ ಹೆಚ್ಚಿದಂತೆ ಪರಿಣಾಮವೂ ಹೆಚ್ಚುತ್ತದೆಯೇ ಎಂಬಿವು ಅವುಗಳಲ್ಲಿ ಮುಖ್ಯವಾದವು. ಇವು ಕಟ್ಟುನಿಟ್ಟಿನ ನಿಯಮಗಳಲ್ಲ, ಆಲೋಚನೆಗೆ ನೆರವು ಮಾತ್ರವೆಂದು ಅವರು ಸ್ಪಷ್ಟಪಡಿಸಿದರು. ಸಂಖ್ಯಾಶಾಸ್ತ್ರೀಯ ಪರೀಕ್ಷೆಯು ಆಕಸ್ಮಿಕದ ಪಾತ್ರವನ್ನು ಅಳೆಯಬಲ್ಲದೇ ಹೊರತು ಕಾರಣವನ್ನು ತಾನೇ ಸಾಬೀತುಪಡಿಸದು ಎಂಬುದೂ ಅವರ ಬೋಧನೆಯಾಗಿತ್ತು. ಪೂರ್ಣ ಜ್ಞಾನ ದೊರೆಯಲಿಲ್ಲವೆಂಬ ನೆಪದಿಂದ, ಕೈಗೊಳ್ಳಬೇಕಾದ ಕ್ರಮವನ್ನು ಮುಂದೂಡಬಾರದೆಂದೂ ಅವರು ಎಚ್ಚರಿಸಿದರು.

ಗೌರವಗಳು ಮತ್ತು ನಿಧನ

ಹಿಲ್ ಅವರು 1950ರಿಂದ 1952ರವರೆಗೆ ರಾಯಲ್ ಸಂಖ್ಯಾಶಾಸ್ತ್ರ ಸೊಸೈಟಿಯ ಅಧ್ಯಕ್ಷರಾಗಿದ್ದರು. 1953ರಲ್ಲಿ ಆ ಸಂಸ್ಥೆಯ ಸ್ವರ್ಣ ಪದಕಕ್ಕೆ ಪಾತ್ರರಾದರು. 1954ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಚುನಾಯಿತರಾದರು. 1961ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಅದೇ ವರ್ಷ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದರು. ಯೌವನದಲ್ಲಿ ಕ್ಷಯದಿಂದ ಬದುಕುಳಿಯುವುದೇ ಸಂಶಯವೆನಿಸಿದ್ದ ಅವರು, 93 ವರ್ಷಗಳ ತುಂಬು ಜೀವನ ನಡೆಸಿ, 1991ರ ಏಪ್ರಿಲ್ 18ರಂದು ನಿಧನರಾದರು.

ಸಾರ್ವಜನಿಕರ ಗಮನಕ್ಕೆ

ಹಿಲ್ ಅವರ ಕಾರ್ಯವು ಎರಡು ಆಧಾರಗಳ ಮೇಲೆ ನಿಂತಿತ್ತು. ವೈದ್ಯರು ಪಕ್ಷಪಾತವಿಲ್ಲದೆ ಹೋಲಿಸಲು ಕಲಿತದ್ದು ಒಂದು. ಸಾಮಾನ್ಯ ಕುಟುಂಬಗಳು ನೋಂದಾಯಿಸಿದ ಮರಣಗಳು ಹಾಗೂ ವೈದ್ಯರು ಪ್ರಾಮಾಣಿಕವಾಗಿ ಬರೆದ ಮರಣದ ಕಾರಣಗಳು ಇನ್ನೊಂದು. ಆ ದಾಖಲೆಗಳಿಲ್ಲದಿದ್ದಲ್ಲಿ 612 ಮತ್ತು 9,287 ಎಂಬ ಅಂಕಿಗಳೇ ಇರುತ್ತಿರಲಿಲ್ಲ. ಧೂಮಪಾನದ ಅಪಾಯವೂ ಇನ್ನಷ್ಟು ಕಾಲ ಮರೆಯಾಗಿಯೇ ಉಳಿಯುತ್ತಿತ್ತು.

ಭಾರತದಲ್ಲಿ ಜನನ ಮತ್ತು ಮರಣ ನೋಂದಣಿ ಅಧಿನಿಯಮ, 1969ರ ಅಡಿಯಲ್ಲಿ ಪ್ರತಿಯೊಂದು ಮರಣದ ನೋಂದಣಿಯು ಕಡ್ಡಾಯವಾಗಿದ್ದು, ಅದನ್ನು 21 ದಿನಗಳೊಳಗಾಗಿ ವರದಿ ಮಾಡಬೇಕಾಗಿರುತ್ತದೆ. ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ನೀಡಿದ ವೈದ್ಯರು ಮರಣ ಕಾರಣದ ಪ್ರಮಾಣ ಪತ್ರವನ್ನು ಶುಲ್ಕವಿಲ್ಲದೆ ನೀಡಬೇಕೆಂಬ ಅವಕಾಶವೂ ಇದರಲ್ಲಿದೆ. ಅರ್ಜಿದಾರರಿಗೆ ವಿತರಿಸುವ ಮರಣ ಪ್ರಮಾಣ ಪತ್ರದಲ್ಲಿ ಮರಣದ ಕಾರಣವನ್ನು ನಮೂದಿಸುವುದಿಲ್ಲವಾದ್ದರಿಂದ, ಕಾರಣವನ್ನು ಮರೆಮಾಚುವ ಅಗತ್ಯ ಯಾರಿಗೂ ಇರುವುದಿಲ್ಲ. ಕುಟುಂಬವು ದುಃಖದಲ್ಲಿರುವಾಗ ಭರ್ತಿ ಮಾಡುವ ಒಂದು ನಮೂನೆಯು ಕೇವಲ ಆಸ್ತಿ ಅಥವಾ ಪಿಂಚಣಿಯ ಕೆಲಸಕ್ಕೆ ಬೇಕಾದ ಕಾಗದವಲ್ಲ. ಸರಿಯಾದ ವಿವರಗಳೊಂದಿಗೆ ನೋಂದಣಿಯಾದ ಪ್ರತಿಯೊಂದು ಮರಣವೂ ಮುಂದೆ ಬೇರೊಬ್ಬರ ಜೀವ ಉಳಿಸುವ ತಿಳಿವಳಿಕೆಗೆ ಆಧಾರವಾಗುತ್ತದೆ.